ಮಣ್ಣು ಮುಚ್ಚಿದ ಬೆಂಕಿ

ಹೊಳೆದಂಡೆಯ ಆಶ್ರಮಕ್ಕೆ ಮಾದಿ ಬಂದು ನಿಂತಾಗ, ಎದುರಿನ ಗುಡ್ಡ ಸುಟ್ಟು ಕರಕಲಾಗಿ ಮೂರು ದಿನವಾಗಿತ್ತು.

"ಸ್ವಾಮಿ, ನನ್ ಗಂಡ ಕೇತನ್ನ ಕಾಡಿನ ಕಾವಲಿನೋರು ಹಿಡ್ಕೊಂಡು ಹೋಗವ್ರೆ. ಬೆಂಕಿ ಇಟ್ಟೋನು ಇವನೇ ಅಂತ ದಿನಾ ಹೊಡೀತವ್ರೆ. ಜೇನು ಕಟ್ಟೋ ಮರಾನ ಜೇನು ಕೀಳೋನೇ ಸುಡ್ತಾನಾ? ನೀವೊಂದು ಮಾತು ಹೇಳಿ."

ಗುರು ಹಾಲಯ್ಯನವರು ಅವಳನ್ನು ನೆರಳಲ್ಲಿ ಕೂರಿಸಿದರು. ಶಿಷ್ಯ ಸೋಮಲಿಂಗ ಕುಡಿಯಲು ನೀರು ಕೊಟ್ಟ. ಅವಳ ಮುಖ ನೋಡಲು ಅವನಿಂದಾಗಲಿಲ್ಲ. ಗುರುಗಳನ್ನು ಮರೆಗೆ ಕರೆದ.

"ಅವತ್ತು ಬೆಳಿಗ್ಗೆ ಗುಡ್ಡದ ಬುಡದಲ್ಲಿ ಚಳಿ ಕಾಯಿಸಲು ಬೆಂಕಿ ಹಾಕಿದ್ದು ನಾನು, ಗುರುಗಳೇ. ಆದರೆ ಆರಿಸಿಯೇ ಬಂದೆ."

"ಹೇಗೆ ಆರಿಸಿದೆ?"

"ಕಾಲಲ್ಲಿ ಮಣ್ಣು ತಳ್ಳಿ ಮುಚ್ಚಿದೆ. ಪಾಠಕ್ಕೆ ಹೊತ್ತಾಗಿತ್ತು."

"ತೋರಿಸು, ನಡಿ."

ಬಿದಿರು ಮೆಳೆಯ ಒತ್ತಿಗೆ, ತರಗೆಲೆ ಕೂಡ ಗುಡಿಸದೆ ಹಾಕಿದ ಬೆಂಕಿ. ಗುರುಗಳು ಕೋಲಿನಿಂದ ಮಣ್ಣು ಕೆದಕಿದರು. ಹೊಗೆ ಎದ್ದಿತು. ಒಳಗೆ ಬೇರು ಇನ್ನೂ ಕೆಂಪಗಿತ್ತು. ಸುಟ್ಟ ಬೇರಿನ ಜಾಡು ನೇರ ಗುಡ್ಡಕ್ಕೆ ಹೋಗಿತ್ತು.



"ಇಲ್ಲಿಂದ ಹೊಳೆ ಎಷ್ಟು ದೂರ?"

"ನಲವತ್ತು ಹೆಜ್ಜೆ."

"ನಾನೂರು ಶ್ಲೋಕ ಬಾಯಿಪಾಠ ಮಾಡಿದ್ದೀಯ. ನಲವತ್ತು ಹೆಜ್ಜೆ ಭಾರವಾಯಿತೇನಯ್ಯಾ, ಪಂಡಿತ?"

ಅವನು ಓಡಿಹೋಗಿ ಒಂದು ಕೊಡ ನೀರು ತಂದು ಸುರಿದ.

"ಕಲಸು."

ಕಲಸಿದ.

"ಕೈ ಇಟ್ಟು ನೋಡು."

ಇಟ್ಟ. ಚುರುಕ್ಕೆಂದಿತು.

"ಇನ್ನೊಂದು ಕೊಡ ತಾ."

ಆರನೆಯ ಕೊಡಕ್ಕೆ ಬೂದಿ ತಣ್ಣಗಾಯಿತು. ಸೋಮಲಿಂಗ ಅಲ್ಲೇ ಕುಸಿದು ಕೂತ.

"ಗುಡ್ಡ ಹತ್ತಿಕೊಂಡಾಗಲೇ ನನಗೆ ಅನುಮಾನ ಬಂದಿತ್ತು. ಅವನನ್ನು ಎಳೆದುಕೊಂಡು ಹೋದದ್ದನ್ನೂ ನೋಡಿದೆ. ನಾಲಿಗೆ ಏಳಲಿಲ್ಲ. ಇಪ್ಪತ್ತೊಂದು ದಿನ ಉಪವಾಸ ಮಾಡುತ್ತೇನೆ, ಗುರುಗಳೇ."

"ನೀನು ಹಸಿದು ಕೂತರೆ ಕೇತನ ಬೆನ್ನು ವಾಸಿಯಾಗುತ್ತದೆಯೋ?"



"ಹೋಗಿ ಒಪ್ಪಿಕೊಂಡರೆ ನನಗೂ ಹೊಡೆಯುತ್ತಾರೆ."

"ಹೊಡೆಯಲಾರರು. ನಿನ್ನ ಮೈಮೇಲೆ ಕಾವಿ ಇದೆ. ಅವನ ಮೈಮೇಲೆ ಏನಿತ್ತು?"

 ಸೋಮಲಿಂಗ ಅಳುತ್ತ ಕೇಳಿದ:

"ಈಗ ಹೇಳಿದರೆ, ಅವನು ಮೂರು ದಿನ ತಿಂದ ಏಟು ಇಲ್ಲವಾಗುತ್ತದೆಯೇ?"

"ಇಲ್ಲ. ನಾಲ್ಕನೆಯ ದಿನದ್ದು ತಪ್ಪುತ್ತದೆ. ಏಳು, ನಡಿ."