ಕೆಂಪು ಚುಕ್ಕೆಯ ಮೋರೆ

ಹುಬ್ಬಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೌನೇಶಪ್ಪ ಎಂಬ ಮೇಸ್ತ್ರಿ ಇದ್ದ. ಖಾರದಪುಡಿ ಗಿರಣಿಗಳಿಗೆ ಅಯಸ್ಕಾಂತದ ತಟ್ಟೆ ಮಾಡಿಕೊಡುವುದು ಅವನ ಕೆಲಸ. ಮೆಣಸಿನಕಾಯಿಯ ಜೊತೆ ಬಂದ ಮೊಳೆ, ತಂತಿಯ ಚೂರುಗಳನ್ನು ಆ ತಟ್ಟೆ ಹಿಡಿದಿಟ್ಟುಕೊಳ್ಳುತ್ತಿತ್ತು. ಊರಿನವರ ಹೊಟ್ಟೆಗೆ ಕಬ್ಬಿಣ ಹೋಗದಂತೆ ನೋಡಿಕೊಂಡ ಪುಣ್ಯಾತ್ಮ ಎನ್ನಿ.

ಅವನ ಶಿಷ್ಯೆ ನೀಲಗಂಗಾ. ಐಟಿಐ ಮುಗಿಸಿ ಬಂದವಳಿಗೆ ಸುತ್ತಿಗೆ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವನು ಅವನೇ. ಹತ್ತು ವರ್ಷ ಕಳೆದ ಮೇಲೆ ಅವಳು ಅವನಿಗೆ ಬಾರದ ಒಂದು ವಿದ್ಯೆ ಕಲಿತಳು. ಅಯಸ್ಕಾಂತದ ಬಲ ಎತ್ತ ಹರಿಯುತ್ತದೆ, ಯಾವುದು ಯಾವುದನ್ನು ಸೆಳೆಯುತ್ತದೆ ಎಂದು ಉದ್ದ, ಅಗಲ, ಎತ್ತರ ಮೂರರಲ್ಲೂ ಲೆಕ್ಕ ಹಾಕಿ, ಕಂಪ್ಯೂಟರಿನಲ್ಲಿ ಬಣ್ಣದ ಗೆರೆಗಳಾಗಿ ತೋರಿಸುವ ವಿದ್ಯೆ ಅದು. ಮೌನೇಶಪ್ಪ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು ನೋಡುತ್ತಿದ್ದ. ಕಣ್ಣಿಗೆ ಕಾಣದ್ದನ್ನು ನಮ್ಮ ನೀಲವ್ವ ತೋರಿಸುತ್ತಾಳೆ ಎಂದು ಚಹಾ ತರುವವನಿಗೂ ಹೇಳುತ್ತಿದ್ದ. ಹೊಗಳಿಕೆ ಯಾರಿಗೆ ಬೇಡ? ನೀಲಗಂಗಾಳ ತಲೆಗೂ ಅದು ಕೊಂಚ ಏರಿತು.

ಮೇಸ್ತ್ರಿಗೆ ಒಂದು ರೂಢಿಯಿತ್ತು. ದಿಕ್ಸೂಚಿಯ ಮುಳ್ಳಿನ ಉತ್ತರದ ತುದಿ ಅಯಸ್ಕಾಂತದ ಯಾವ ಮೋರೆಗೆ ಓಡಿಬಂದು ಅಂಟುತ್ತದೋ, ಆ ಮೋರೆಗೆ ಕೆಂಪು ಚುಕ್ಕೆ ಇಟ್ಟು ‘ಉತ್ತರದ ಮೋರೆ’ ಎನ್ನುತ್ತಿದ್ದ. ಪುಸ್ತಕದ ಪ್ರಕಾರ ಅದು ದಕ್ಷಿಣ. ಆದರೆ ವರ್ಕ್‌ಶಾಪಿನ ಚುಕ್ಕೆಗಳೆಲ್ಲ ಅವನ ಕೈಯವೇ ಆದ್ದರಿಂದ ಮೂವತ್ತು ವರ್ಷ ಯಾವ ತೊಂದರೆಯೂ ಆಗಲಿಲ್ಲ. ಅವನು ಚುಕ್ಕೆ ಇಡುವುದನ್ನು ನೀಲಗಂಗಾ ಸಾವಿರ ಸಲ ನೋಡಿದ್ದಳು. ಯಾವ ಮೋರೆಗೆ, ಏಕೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಒಮ್ಮೆ ದೊಡ್ಡ ತಟ್ಟೆಯ ಕೆಲಸ ಬಂತು. ಇಟ್ಟಿಗೆಯಷ್ಟು ದಪ್ಪನೆಯ ಅಯಸ್ಕಾಂತಗಳು ಬೇಕಾದವು. ವರ್ಕ್‌ಶಾಪಿನಲ್ಲಿದ್ದವು ಸಾಲದೆ ಹೊರಗಿನಿಂದ ಹೊಸವನ್ನು ತರಿಸಿದರು. ಅವುಗಳ ಮೇಲೂ ಕೆಂಪು ಚುಕ್ಕೆ ಇತ್ತು, ಆದರೆ ಪುಸ್ತಕದ ಉತ್ತರಕ್ಕೆ ಇಟ್ಟ ಚುಕ್ಕೆ ಅದು. ನೀಲಗಂಗಾ ಎಲ್ಲ ಚುಕ್ಕೆಯೂ ಒಂದೇ ಎಂದು ತಿಳಿದು, ಚುಕ್ಕೆಗೆ ಚುಕ್ಕೆ ಎದುರಾದರೆ ದೂಡುತ್ತವೆ ಎಂದು ಲೆಕ್ಕ ಹಾಕಿದಳು.

ಜೋಡಿಸುವ ದಿನ ಬೆಳಿಗ್ಗೆ ಮೌನೇಶಪ್ಪ ಹೊಸ ಅಯಸ್ಕಾಂತವನ್ನು ತಿರುಗಿಸಿ ನೋಡಿದ. ದಿಕ್ಸೂಚಿ ಹಿಡಿದು ಒಮ್ಮೆ ಪರೀಕ್ಷಿಸೋಣವೇ ಎಂದು ಕೇಳಿದ. ಒಮ್ಮೆಲೇ ಕಚ್ಚಿಕೊಳ್ಳದಂತೆ ನಡುವೆ ಮರದ ಹಲಗೆಯನ್ನೂ ಇಡೋಣ ಎಂದ.

“ಏನೂ ಬ್ಯಾಡ ಕಾಕಾ. ಮೂರೂ ಕಡೆಯಿಂದ ಲೆಕ್ಕ ಹಾಕೀನಿ. ಇವೆರಡೂ ಒಂದನ್ನೊಂದು ದೂಡತಾವ. ನೀವು ಗಟ್ಟಿಯಾಗಿ ಹಿಡಿದು ಒತ್ತಿದ್ರ ಸಾಕು” ಎಂದಳು.

“ಆತು ಬಿಡವಾ. ನೀ ನೋಡಿದ್ರ ನಾ ನೋಡಿದಂಗ” ಎಂದ ಮೌನೇಶಪ್ಪ.

ಹಳೆಯದನ್ನು ತಟ್ಟೆಗೆ ಬಿಗಿದು, ಹೊಸದನ್ನು ಬಲಗೈಯಲ್ಲಿ ಸುತ್ತಿ ಹಿಡಿದು, ಚುಕ್ಕೆಗೆ ಚುಕ್ಕೆ ಎದುರಾಗುವಂತೆ ಹತ್ತಿರ ತಂದ. ಅವು ದೂಡಲಿಲ್ಲ. ಕಣ್ಣರೆಪ್ಪೆ ಬಡಿಯುವಷ್ಟರಲ್ಲಿ ಟಪ್ಪೆಂದು ಕಚ್ಚಿಕೊಂಡವು. ಅವನ ಬೆರಳುಗಳು ನಡುವೆ ಇದ್ದವು.

ಆಸ್ಪತ್ರೆಯಲ್ಲಿ ಬಲಗೈಯ ಮೂರು ಬೆರಳು ತೆಗೆದರು.

ಮರುದಿನ ನೀಲಗಂಗಾ ಒಬ್ಬಳೇ ವರ್ಕ್‌ಶಾಪಿನ ಬಾಗಿಲು ತೆಗೆದಳು. ದಿಕ್ಸೂಚಿ ತಂದು ಎರಡೂ ಚುಕ್ಕೆಗೆ ಹಿಡಿದು ನೋಡಿದಳು. ಹಳೆಯದಕ್ಕೆ ಮುಳ್ಳಿನ ಉತ್ತರದ ತುದಿ ಅಂಟಿತು, ಹೊಸದಕ್ಕೆ ದಕ್ಷಿಣದ ತುದಿ. ಕಂಪ್ಯೂಟರಿನಲ್ಲಿ, ಹಳೆಯ ಅಯಸ್ಕಾಂತದ ಉತ್ತರ ಯಾವ ಕಡೆ ಎಂದು ತೋರಿಸುವ ಒಂದೇ ಒಂದು ಬಾಣ ತಿರುಗಿಸಿದಳು. ಗೆರೆಗಳೆಲ್ಲ ಎರಡು ಅಯಸ್ಕಾಂತಗಳ ನಡುವಿನ ಸಂದಿಗೆ ನುಗ್ಗಿದವು, ಮೇಸ್ತ್ರಿಯ ಬೆರಳು ಇದ್ದ ಜಾಗಕ್ಕೇ. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ಅವಳು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಎನ್ನುತ್ತಾರೆ. ಆದರೂ ಚಿಂತೆ ಬಿಡುತ್ತದೆಯೇ? ಅವಳು ಅಲ್ಲೇ ಕುಸಿದು ಕೂತು ಅತ್ತಳು.

ಆಸ್ಪತ್ರೆಗೆ ಹೋಗಿ ಅವನ ಕಾಲು ಹಿಡಿದು, ಚುಕ್ಕೆಯ ವಿಷಯ ಹೇಳಿ, ನಾನು ಕೇಳಬೇಕಿತ್ತು, ಕೇಳಲಿಲ್ಲ ಎಂದಳು. ಅವನು ಬೈದಿದ್ದರೆ ಅವಳ ಎದೆಯ ಭಾರ ಕಡಿಮೆಯಾಗುತ್ತಿತ್ತು. ಅವನು ಬೈಯಲಿಲ್ಲ.

“ನಾನೂ ಹೇಳಬೇಕಿತ್ತವಾ. ನೀ ಅಷ್ಟೆಲ್ಲಾ ಕಲ್ತಾಕಿ, ನಿನಗ ಗೊತ್ತಿರತೈತಿ ಅಂದ್ಕೊಂಡೆ.”

ಅಷ್ಟರಲ್ಲಿ ಅವನ ಹೆಂಡತಿ ಕಾಳವ್ವ ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಗಂಡನ ಬಾಯಿಯ ಹತ್ತಿರ ಹಿಡಿದಳು. ಮೌನೇಶಪ್ಪ ಬಾಯಿ ತೆರೆಯಲಿಲ್ಲ. ಶಿಷ್ಯೆಯ ಮುಖ ನೋಡಿದ, ಮತ್ತೆ ಗೋಡೆಯ ಕಡೆ ತಿರುಗಿದ.

“ನೀಲವ್ವಾ, ನಾ ಉಣ್ಣೂತನಕ ನೀ ಸ್ವಲ್ಪ ಹೊರಗ ನಿಂದರವಾ” ಎಂದ.

ಅವಳು ಎದ್ದು ಹೊರಗೆ ಹೋಗಿ ನಿಂತಳು.

ನೀತಿ: ಶುರುವಿನಲ್ಲಿ ಹಿಡಿದ ಸಂಗತಿಯೇ ತಪ್ಪಾದರೆ, ಎಷ್ಟು ಸರಿಯಾದ ಲೆಕ್ಕವೂ ಆ ತಪ್ಪನ್ನೇ ಹೊತ್ತು ಮುಂದೆ ನಡೆಯುತ್ತದೆ. ಬಲ್ಲವರು ಪಕ್ಕದಲ್ಲಿ ಕೂತಿರುವಾಗ ಊಹಿಸಬೇಡಿ, ಕೇಳಿ. ಕೇಳುವುದಕ್ಕೆ ಒಂದು ಮಾತು ಸಾಕು. ಕೇಳದೆ ಹೋದದ್ದರ ಬೆಲೆಯನ್ನು ಎಷ್ಟೋ ಸಲ ನಮ್ಮನ್ನು ನಂಬಿದವರು ತೆರುತ್ತಾರೆ.