ಗೆದ್ದಲಿಗೆ ಬಿಟ್ಟ ಗವಿ

ಒಂದು ಕಾಡಿನಲ್ಲಿ ಒಂದು ಗವಿ ಇತ್ತು. ಅದಕ್ಕೆ ದಫ್ತರದ ಗವಿ ಎಂದು ಹೆಸರು. ಯಾರಿಗೆ ಯಾವ ನೆಲೆ, ಯಾವ ದಾರಿ ಎಲ್ಲರದು, ಯಾವ ನೀರಿಗೆ ಯಾರು ಮೊದಲು, ಎಲ್ಲವನ್ನೂ ಮುಳ್ಳುಹಂದಿಯ ಮುಳ್ಳಿನಿಂದ ತಾಳೆಗರಿಯ ಮೇಲೆ ಕೊರೆದು ಅಲ್ಲಿ ಇಡುತ್ತಿದ್ದರು. ಒಂದು ವರ್ಷದ ಗರಿಗಳೆಲ್ಲ ಒಂದೇ ದಾರದಲ್ಲಿ ಇರುತ್ತಿದ್ದವು. ದಾರದ ತುದಿಗೆ ಅರಗು, ಅರಗಿನ ಮೇಲೆ ರಾಜನ ಗೊರಸಿನ ಗುರುತು. ನಡುವಿನಿಂದ ಒಂದೇ ಒಂದು ಗರಿಯನ್ನು ಎಳೆದುಕೊಳ್ಳುತ್ತೇನೆ ಎಂದರೆ ಆಗುತ್ತಿರಲಿಲ್ಲ. ಅರಗು ಒಡೆದರೆ ಇಡೀ ಕಾಡಿಗೆ ಗೊತ್ತಾಗುತ್ತಿತ್ತು.

ಆ ಗವಿಯನ್ನು ನೋಡಿಕೊಳ್ಳುತ್ತಿದ್ದವಳು ಚಿಪ್ಪಕ್ಕ ಎಂಬ ಚಿಪ್ಪುಹಂದಿ. ಗೆದ್ದಲನ್ನು ಹುಡುಕಿ ಹುಡುಕಿ ತಿನ್ನುವ ಜಾತಿ ಅವಳದು. ತಾಳೆಗರಿಗೆ ಗೆದ್ದಲಿಗಿಂತ ದೊಡ್ಡ ಶತ್ರು ಇಲ್ಲ. ಹಿಂದಿನವರು ಯೋಚಿಸಿಯೇ ಆ ಕೆಲಸವನ್ನು ಅವಳ ಮನೆತನಕ್ಕೆ ಕೊಟ್ಟಿದ್ದರು. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಗೋಡೆಯ ಬುಡದಲ್ಲಿ ಮಣ್ಣಿನ ಗೆರೆ ಕಂಡರೆ ಸಾಕು, ಉದ್ದನೆಯ ನಾಲಿಗೆ ಚಾಚಿ ನೆಕ್ಕಿ ಮುಗಿಸುತ್ತಿದ್ದಳು. ಅವಳ ಊಟವೂ ಅದೇ, ಸಂಬಳವೂ ಅದೇ.

ಚಳಿ ಇಳಿದು ಬಿಸಿಲು ಏರುವ ದಿನಗಳಲ್ಲಿ, ವರ್ಷಕ್ಕೊಮ್ಮೆ, ಅವಳು ಕಟ್ಟುಗಳನ್ನೆಲ್ಲ ಹೊರಗೆ ತಂದು ಬಂಡೆಯ ನೆರಳಿನಲ್ಲಿ ಹರವುತ್ತಿದ್ದಳು. ಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿ ಇದ್ದಿಲ ಮಸಿ ಉಜ್ಜುತ್ತಿದ್ದಳು. ಕೊರೆದ ಗೆರೆಗಳಲ್ಲಿ ಮಸಿ ಕೂತಾಗ ಅಕ್ಷರ ಎದ್ದು ಕಾಣುತ್ತಿತ್ತು. ಕಂಡ ಅಕ್ಷರವನ್ನು ಎಲ್ಲರಿಗೂ ಕೇಳುವಂತೆ ಓದಬೇಕು, ಅದು ಪದ್ಧತಿ. ಕೇಳಲು ಕಾಡಿಗೆ ಕಾಡೇ ಬಂದು ಕೂರುತ್ತಿತ್ತು. ಮರಿಗಳು ಆಕಳಿಸುತ್ತಿದ್ದವು, ಮುದುಕರು ಗದರಿಸುತ್ತಿದ್ದರು, ತಮ್ಮ ಗರಿಯ ಸರದಿ ಬಂದವರು ಎದ್ದು ನಿಲ್ಲುತ್ತಿದ್ದರು.

ರಾಜ ಒಂದು ಕಾಡುಕೋಣ. ಕೆಟ್ಟವನಲ್ಲ, ಆದರೆ ಓದುವುದಕ್ಕೆ ಶುದ್ಧ ಸೋಮಾರಿ. ಮುಂದೆ ಇಟ್ಟದ್ದರ ಮೇಲೆಲ್ಲ ಗೊರಸು ಒತ್ತಿ ಮೇಯಲು ಹೋಗಿಬಿಡುತ್ತಿದ್ದ. ಮುಂದೆ ಇಡುತ್ತಿದ್ದವನು ಅವನ ಕಾರ್ಯದರ್ಶಿ ಪುನುಗಯ್ಯ, ಒಂದು ಪುನುಗಿನ ಬೆಕ್ಕು. ಪುನುಗಯ್ಯ ಬರುವ ಮೊದಲೇ ಅವನ ಪರಿಮಳ ಬರುತ್ತಿತ್ತು. ಮಾತಂತೂ ಬೆಣ್ಣೆ. ಅವನ ಕಣ್ಣು ಕಾರೆಗುಡ್ಡದ ಮೇಲೆ ಬಿದ್ದಿತ್ತು. ಗುಡ್ಡದ ತುಂಬ ಹಣ್ಣಿನ ಪೊದೆಗಳು, ಪೊದೆಗಳ ಬುಡದಲ್ಲಿ ಮೊಲಗಳ ಬಿಲಗಳು. ಗುಡ್ಡ ಮೊಲಗಳದು ಎಂದು ಮಹಾಪ್ರವಾಹದ ವರ್ಷದ ಕಟ್ಟಿನಲ್ಲಿ ಗರಿ ಇತ್ತು. ಅದು ಇರುವ ತನಕ ಅಲ್ಲಿನ ಒಂದು ಹಣ್ಣನ್ನೂ ಅವನು ಕೇಳದೆ ಮುಟ್ಟುವಂತಿರಲಿಲ್ಲ.

ಒಂದು ದಿನ ಅವನು ಗವಿಗೆ ಬಂದ.

"ಚಿಪ್ಪಕ್ಕ, ಪ್ರವಾಹದ ವರ್ಷದ ಕಟ್ಟು ಕೊಡಿ. ಮನೆಗೆ ಒಯ್ದು ನೋಡಿ ಕಳಿಸ್ತೀನಿ."

"ಕಟ್ಟು ಗವಿ ದಾಟಿ ಹೋಗಲ್ಲ ಸ್ವಾಮಿ. ಇಲ್ಲೇ ಕೂತ್ಕೊಳ್ಳಿ, ಓದಿ ಹೇಳ್ತೀನಿ. ಅದರಲ್ಲಿ ನಲವತ್ತು ಗರಿ ಇವೆ."

"ನಲವತ್ತು ಕೇಳೋಕೆ ನನಗೆಲ್ಲಿದೆ ಪುರುಸೊತ್ತು?"

"ಹಾಗಾದ್ರೆ ಪುರುಸೊತ್ತು ಮಾಡ್ಕೊಂಡು ಬನ್ನಿ."

ಪುನುಗಯ್ಯ ನಗುತ್ತಲೇ ಹೋದ. ಮೂರನೆಯ ದಿನ ಅಪ್ಪಣೆ ಬಂತು. ಗವಿ ಕಾಯುವವಳು ಕೆಲಸದ ವೇಳೆಯಲ್ಲಿ ತಿನ್ನುತ್ತಿರುವುದು ಕಂಡುಬಂದಿದೆ, ತಿಂದದ್ದು ಗವಿಯ ಒಳಗಿನದೇ ಎಂಬುದೂ ಕಂಡುಬಂದಿದೆ, ಆದ್ದರಿಂದ ಅವಳನ್ನು ಹಳ್ಳದ ಆಚೆ ದಡಕ್ಕೆ ನೆರಳು ಅಳೆಯುವ ಕೆಲಸಕ್ಕೆ ವರ್ಗ ಮಾಡಲಾಗಿದೆ. ಕೆಳಗೆ ರಾಜನ ಗೊರಸು.

ಕೇಳಿದಿರಾ ಮಕ್ಕಳೇ? ಗೆದ್ದಲು ತಿನ್ನುವುದಕ್ಕೇ ನೇಮಿಸಿದವಳನ್ನು ಗೆದ್ದಲು ತಿಂದಳೆಂದು ಎತ್ತಿಹಾಕಿದರು. ಚಿಪ್ಪಕ್ಕನ ಮೈ ಉರಿದುಹೋಯಿತು. ನೇರವಾಗಿ ರಾಜನ ಬಳಿಗೆ ನಡೆದಳು.

"ಸ್ವಾಮಿ, ಇದನ್ನ ಓದಿದ್ದೀರಾ?"

"ಪುನುಗಯ್ಯ ಓದಿರ್ತಾನಲ್ಲ," ಎಂದ ಕಾಡುಕೋಣ, ಹುಲ್ಲು ಮೆಲ್ಲುತ್ತ.

"ಗವಿಗೆ ಗೆದ್ದಲು ಬಿದ್ದರೆ?"

"ಬಿದ್ದಾಗ ನೋಡೋಣ. ಗೊರಸು ಒತ್ತಿ ಆಯ್ತಲ್ಲ ತಾಯಿ, ಇನ್ನೇನು ಮಾಡೋದು."

ಗವಿಯ ಹೊಣೆಯನ್ನು ನವಿಲಿಗೆ ಹೆಚ್ಚುವರಿಯಾಗಿ ವಹಿಸಿದರು. ನವಿಲು ಒಮ್ಮೆ ಒಳಗೆ ಹೋಯಿತು. ಬಾಲಕ್ಕೆ ಧೂಳು ಮೆತ್ತಿಕೊಂಡಿತು. ಮತ್ತೆ ಒಳಗೆ ತಲೆ ಹಾಕಲಿಲ್ಲ, ಬಾಗಿಲಲ್ಲಿ ನಿಂತು ಬಂದವರನ್ನು ಗದರುವುದಷ್ಟೇ ಅದರ ಕೆಲಸವಾಯಿತು. ವರ್ಷಕ್ಕೊಮ್ಮೆ ಗರಿಗಳನ್ನು ಹೊರಗೆ ತರುವ ಪದ್ಧತಿಯನ್ನೂ ಪುನುಗಯ್ಯ ನಿಲ್ಲಿಸಿದ. ಎಲ್ಲರೂ ಕೂತು ಹಳೆಯ ಮಾತು ಕೇಳುವುದು ಕಾಲಹರಣವಂತೆ.

ಚಿಪ್ಪಕ್ಕ ಹಳ್ಳದ ಆಚೆ ನೆರಳು ಅಳೆದಳು. ಬೆಳಿಗ್ಗೆ ಉದ್ದ, ಮಧ್ಯಾಹ್ನ ಗಿಡ್ಡ, ಸಂಜೆ ಮತ್ತೆ ಉದ್ದ. ಅದನ್ನು ಬರೆದು ಕಳಿಸಬೇಕಿತ್ತು. ಮಳೆಗಾಲ ಮುಗಿದ ಮೇಲೆ ಒಂದು ದಿನ ತಡೆಯಲಾರದೆ ಗವಿಯ ಬಳಿ ಬಂದಳು. ನವಿಲು ಒಳಗೆ ಬಿಡಲಿಲ್ಲ. ಬಂಡೆಯ ಸೀಳಿಗೆ ಮೂತಿ ಇಟ್ಟು ಮೂಸಿದಳು. ಹಸಿ ಮಣ್ಣಿನ ವಾಸನೆ, ಗೆದ್ದಲಿನ ವಾಸನೆ. ಹುಟ್ಟಿದಾಗಿನಿಂದ ಅವಳಿಗೆ ಅದು ಊಟದ ವಾಸನೆ. ಅವತ್ತು ಮಾತ್ರ ಮೂತಿಯನ್ನು ಹಿಂದಕ್ಕೆ ಎಳೆದುಕೊಂಡಳು.

ಮೂರು ಅರ್ಜಿ ಬರೆದಳು. ಗವಿಗೆ ಗೆದ್ದಲು ಬಿದ್ದಿದೆ, ನನ್ನನ್ನು ಒಂದೇ ಒಂದು ದಿನ ಒಳಗೆ ಬಿಡಿ, ಸಂಜೆಯೊಳಗೆ ಮುಗಿಸಿಕೊಡುತ್ತೇನೆ ಎಂದು. ಪುನುಗಯ್ಯ ಮೂರನ್ನೂ ಜೋಪಾನವಾಗಿ ಇಡಿ ಎಂದು ಅದೇ ಗವಿಗೆ ಕಳಿಸಿದ. ಗೆದ್ದಲು ಮೊದಲು ತಿಂದದ್ದು ಅವನ್ನೇ.

ಎರಡು ಮಳೆಗಾಲ ಕಳೆದವು. ಆಗ ಪುನುಗಯ್ಯ ರಾಜನ ಮುಂದೆ ಹೊಸ ಅಪ್ಪಣೆ ಇಟ್ಟ. ಗರಿ ತೋರಿಸಿದವರಿಗೆ ಮಾತ್ರ ನೆಲೆ ಉಂಟು, ರಕ್ಷಣೆ ಉಂಟು. ನೆನಪಿದೆ, ಕೇಳಿದ್ದೇವೆ, ಹಿರಿಯರು ಹೇಳಿದ್ದರು ಎಂಬುದೆಲ್ಲ ನಡೆಯುವುದಿಲ್ಲ. ಕಾಡುಕೋಣ ಗೊರಸು ಒತ್ತಿದ. ಮಾರನೆಯ ದಿನವೇ ಮೊಲಗಳಿಗೆ ಕರೆ ಬಂತು.

ಮೊಲಗಳ ಹಿರಿಯಳು ಸಣ್ಣಜ್ಜಿ. ಅವಳು ಎಲ್ಲರೆದುರು ಗವಿಯಿಂದ ಪ್ರವಾಹದ ವರ್ಷದ ಕಟ್ಟನ್ನು ತರಿಸಿದಳು. ಹೊರಗಿನಿಂದ ಕಟ್ಟು ಚೆನ್ನಾಗಿಯೇ ಇತ್ತು, ಅರಗೂ ಒಡೆದಿರಲಿಲ್ಲ. ಹಿಡಿದು ಎತ್ತಿದಾಗ ಒಳಗಿನದೆಲ್ಲ ಪುಡಿಯಾಗಿ ಉದುರಿತು.

"ಅಯ್ಯೋ ಪಾಪ," ಎಂದ ಪುನುಗಯ್ಯ. "ಗೆದ್ದಲು ತಿಂದಿದ್ದಕ್ಕೆ ನಾನೇನು ಮಾಡ್ಲಿ ಅಜ್ಜಿ?"

"ಗುಡ್ಡ ನಮ್ಮದು ಅಂತ ವರ್ಷ ವರ್ಷ ಎಲ್ಲರೂ ಕೇಳಿದ್ದಾರಪ್ಪ. ಪ್ರವಾಹದ ವರ್ಷ ಊರಿಂದ ಓಡಿ ಬಂದ ನಿನ್ನ ಅಜ್ಜನಿಗೂ ಜಾಗ ಕೊಟ್ಟವರು ನಾವೇ."

"ಕೇಳಿದ್ದು ಬೇಡ. ಗರಿ ಇದ್ದರೆ ತೋರಿಸಿ."

ಅವನು ಕದಿಯಲಿಲ್ಲ, ಸುಡಲಿಲ್ಲ, ಅರಗು ಮುಟ್ಟಲಿಲ್ಲ. ಕಾಯುವವಳನ್ನು ಅತ್ತ ಸರಿಸಿ ಸುಮ್ಮನೆ ಕೂತ. ಆಮೇಲೆ ಕೈ ತೊಳೆದುಕೊಂಡ. ಇಂಥವರನ್ನು ಕಂಡರೆ ನನಗೆ ಕಳ್ಳರೇ ವಾಸಿ ಅನ್ನಿಸುತ್ತದೆ.

ಮೊಲಗಳು ಬಿಲ ಬಿಟ್ಟು ಬೋಳು ಬಂಡೆಯ ಮೇಲೆ ಬಂದು ಕೂತವು. ಮರೆ ಇಲ್ಲ, ಪೊದೆ ಇಲ್ಲ. ಆ ವಾರದಲ್ಲೇ ಗಿಡುಗ ಎರಡು ಮರಿಗಳನ್ನು ಎತ್ತಿಕೊಂಡು ಹೋಯಿತು. ಸಣ್ಣಜ್ಜಿ ಹಳ್ಳ ದಾಟಿ ಚಿಪ್ಪಕ್ಕನ ಬಳಿ ಬಂದಳು.

"ನಮ್ಮ ಗರಿಯಲ್ಲಿ ಏನಿತ್ತು, ನಿನಗೆ ನೆನಪಿದೆಯೇನೇ?"

"ಒಂದಕ್ಷರ ಬಿಡದೆ ಹೇಳ್ತೀನಿ ಅಜ್ಜಿ. ಹೇಳಿದ್ರೆ ನಡೆಯಲ್ವಂತೆ."

ಸಿಟ್ಟಿಗೆ ಚಿಪ್ಪಕ್ಕನ ಚಿಪ್ಪುಗಳೆಲ್ಲ ಸಟಸಟ ಎದ್ದು ನಿಂತಿದ್ದವು. ನೆರಳಿನ ಲೆಕ್ಕ ಬರೆದ ಗರಿಯನ್ನು ಅವಳು ಅವತ್ತೇ ಹಳ್ಳಕ್ಕೆ ಎಸೆದಳು.

ಪುನುಗಯ್ಯ ಕಾರೆಗುಡ್ಡ ಹತ್ತಿ ಹಣ್ಣು ತಿಂದ. ಹದಿನೈದು ದಿನ ತಿಂದ. ಹದಿನಾರನೆಯ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಸೀಳುನಾಯಿಗಳ ಹಿಂಡು ನಿಂತಿತ್ತು. ಹಿಂಡಿನ ಯಜಮಾನ ಕೆಂಪಣ್ಣ ಸಾವಧಾನವಾಗಿ ಕೇಳಿದ.

"ಪುನುಗಯ್ಯನವರೇ, ನಿಮ್ಮ ಗರಿ ತೋರಿಸ್ತೀರಾ?"

"ನನಗೆಂಥ ಗರಿ? ನಾನು ಕಾರ್ಯದರ್ಶಿ."

"ಅಪ್ಪಣೆಯಲ್ಲಿ ಕಾರ್ಯದರ್ಶಿ ಬಿಟ್ಟು ಉಳಿದವರಿಗೆ ಅಂತ ಇಲ್ಲ. ಬರೆದವರು ನೀವೇ. ನಿಮ್ಮ ಅಜ್ಜ ಊರಿಂದ ಓಡಿ ಬಂದವನು ಅಂತ ಅವತ್ತು ಮೊಲದಜ್ಜಿ ಹೇಳಿದಳು. ಗರಿ ಇಲ್ಲದವರಿಗೆ ರಕ್ಷಣೆ ಇಲ್ಲ. ನಮಗೂ ಹಸಿವಾಗ್ತದೆ."

ಪುನುಗಯ್ಯ ಒಂದು ಹಗಲು ಅವಕಾಶ ಕೇಳಿಕೊಂಡು ಗವಿಗೆ ಓಡಿದ. ನವಿಲನ್ನು ಪಕ್ಕಕ್ಕೆ ತಳ್ಳಿದ. ತನ್ನ ಗರಿ ಯಾವ ವರ್ಷದ್ದು ಎಂದು ನೆನೆದುಕೊಂಡ. ಅಜ್ಜ ಬಂದದ್ದು ಪ್ರವಾಹದ ವರ್ಷ. ಆ ವರ್ಷದ ನಲವತ್ತು ಗರಿಗಳೂ ಒಂದೇ ದಾರದಲ್ಲಿ ಇದ್ದವು. ಇಷ್ಟು ವರ್ಷ ಕಾರ್ಯದರ್ಶಿಯಾಗಿದ್ದವನು ಒಂದು ದಿನವೂ ಒಂದು ಕಟ್ಟನ್ನು ಬಿಚ್ಚಿ ನೋಡಿದವನಲ್ಲ. ಅವತ್ತು ಉದುರಿದ್ದನ್ನು ಗವಿಯ ನೆಲಕ್ಕೇ ತಂದು ಸುರಿದಿದ್ದರು. ಆ ಪುಡಿಯನ್ನು ಎರಡು ಕೈಯಲ್ಲಿ ಬಾಚಿದ. ಪುಡಿಯೊಳಗೆ ಗೆದ್ದಲು ಹರಿದಾಡುತ್ತಿತ್ತು.

ಅಲ್ಲಿಂದ ಹಳ್ಳ ದಾಟಿ ಓಡಿದ.

"ಚಿಪ್ಪಕ್ಕ, ನಮ್ಮವ್ವ, ನೀವು ನನ್ನ ಗರಿ ಓದಿದ್ದೀರಿ. ಬಂದು ಒಂದು ಮಾತು ಹೇಳಿ."

ಉಂಡೆಯಾಗಿ ಸುರುಳಿ ಸುತ್ತಿಕೊಂಡು ಬಿದ್ದುಬಿಡೋಣ ಅನ್ನಿಸಿತು ಚಿಪ್ಪಕ್ಕನಿಗೆ. ಸುಮ್ಮನಿದ್ದರೆ ಸಾಕು, ಉಳಿದದ್ದನ್ನು ಕೆಂಪಣ್ಣ ನೋಡಿಕೊಳ್ಳುತ್ತಿದ್ದ. ಆ ಎರಡು ಮರಿಗಳು ಕಣ್ಣ ಮುಂದೆ ಬಂದವು. ಹಲ್ಲಿಲ್ಲದ ಬಾಯಿ ಅವಳದು, ಇದ್ದಿದ್ದರೆ ಕಡಿಯುತ್ತಿದ್ದಳು.

"ಇದ್ದದ್ದನ್ನ ಇಲ್ಲ ಅನ್ನಿಸೋದು ನಿಮ್ಮ ಕೆಲಸ," ಎಂದಳು. "ನನಗೆ ಅದು ಬರಲ್ಲ. ನಡೀರಿ."

ಬಂಡೆಯ ಬಳಿ ಕಾಡೆಲ್ಲ ಸೇರಿತು. ಕಾಡುಕೋಣ ಹೇಳಿದ: "ನೆನಪು ನಡೆಯಲ್ಲ ಅಂತ ಅಪ್ಪಣೆ ಇದೆಯಲ್ಲಯ್ಯ."

"ತಿದ್ದಬಹುದು ಪ್ರಭು," ಎಂದ ಪುನುಗಯ್ಯ ಗಡಬಡಿಸಿ. "ಓದಿದವರು ಹೇಳಿ, ಕೇಳಿದವರು ಹೌದು ಅಂದರೆ, ನೆನಪೂ ಗರಿಯೇ ಅಂತ ಮಾಡೋಣ." ಅಲ್ಲೇ ಕೂತು ಬರೆದು ಮುಂದೆ ಇಟ್ಟ.

ಕಾಡುಕೋಣ ಗೊರಸು ಎತ್ತಿದ. "ಓದಿ ಒತ್ತಿ ಸ್ವಾಮಿ," ಎಂದಳು ಚಿಪ್ಪಕ್ಕ. ಕಾಡುಕೋಣ ತಡವರಿಸುತ್ತ ಓದಿದ, ಆಮೇಲೆ ಒತ್ತಿದ.

ಚಿಪ್ಪಕ್ಕ ಕಣ್ಣು ಮುಚ್ಚಿ ಹೇಳತೊಡಗಿದಳು. "ಮಹಾಪ್ರವಾಹದ ವರ್ಷ, ಊರಿನ ಪಂಜರಗಳಿಂದ ತಪ್ಪಿಸಿಕೊಂಡು ಬಂದ ಪುನುಗಿನ ಬೆಕ್ಕುಗಳನ್ನು ಕಾರೆಗುಡ್ಡದ ಮೊಲಗಳು ತಮ್ಮ ನೆಲೆಯಲ್ಲಿ ಇಟ್ಟುಕೊಂಡು ಕಾಪಾಡಿದವು. ಆದ್ದರಿಂದ ಈ ಬೆಕ್ಕುಗಳಿಗೂ ಇವರ ಸಂತತಿಗೂ ಈ ಕಾಡಿನಲ್ಲಿ ಆಶ್ರಯ ಕೊಡಲಾಗಿದೆ. ಇವರನ್ನು ಯಾರೂ ಬೇಟೆಯಾಡತಕ್ಕದ್ದಲ್ಲ."

"ಕೇಳಿದಿರಲ್ಲ, ಅಷ್ಟೇ, ಅಷ್ಟು ಸಾಕು," ಎಂದ ಪುನುಗಯ್ಯ ಉಸಿರು ಬಿಟ್ಟು.

"ಗರಿ ಮುಗಿದಿಲ್ಲ," ಎಂದಳು ಚಿಪ್ಪಕ್ಕ. "ಇವರು ಇನ್ನೊಬ್ಬರ ನೆಲೆಯನ್ನು ಕಿತ್ತುಕೊಂಡ ದಿನ ಈ ಆಶ್ರಯ ರದ್ದು."

ಕಾಡುಕೋಣ ಸುತ್ತ ನೋಡಿದ. "ಇದನ್ನ ಕೇಳಿದವರು ಯಾರಿದ್ದೀರಿ?"

ಸಣ್ಣಜ್ಜಿ ಎದ್ದಳು. ಮುಳ್ಳುಹಂದಿಗಳು ಎದ್ದವು, ಮುಸುವಗಳು ಎದ್ದವು. ಕೆಂಪಣ್ಣನೂ ಎದ್ದ. "ಚಿಕ್ಕವನಿದ್ದಾಗ ಅಪ್ಪನ ಜೊತೆ ಕೂತು ಕೇಳಿದ್ದೆ. ಮರೆತೇಹೋಗಿತ್ತು. ಹೀಗೇ ಇತ್ತು." ಇಲ್ಲ ಎನ್ನಲು ಪುನುಗಯ್ಯ ಬಾಯಿ ತೆರೆದ. ಓದುವ ದಿನ ಒಮ್ಮೆಯೂ ಬಂದು ಕೂರದವನು ಏನೆಂದು ಹೇಳಿಯಾನು?

ಅಲ್ಲೇ ನಿಂತು ಚಿಪ್ಪಕ್ಕ ಮೊಲಗಳ ಗರಿಯನ್ನೂ ಹೇಳಿದಳು. ಕಾರೆಗುಡ್ಡ ಮರಳಿ ಮೊಲಗಳದಾಯಿತು. ಸೀಳುನಾಯಿಗಳು ಪುನುಗಯ್ಯನನ್ನು ಕಾಡಿನ ಗಡಿಯವರೆಗೆ ಅಟ್ಟಿಸಿಕೊಂಡು ಹೋದವು. ಗಡಿಯಾಚೆ ಊರು ಇತ್ತು. ಊರಿನಲ್ಲಿ ಪುನುಗಿನ ಪರಿಮಳಕ್ಕಾಗಿ ಬೆಕ್ಕು ಸಾಕುವವರು ಇನ್ನೂ ಪಂಜರ ಇಟ್ಟುಕೊಂಡಿದ್ದರು.

"ಅಂತೂ ಎಲ್ಲ ಸರಿಹೋಯ್ತು," ಎಂದ ಕಾಡುಕೋಣ.

ಚಿಪ್ಪಕ್ಕ ಅವನ ಎದುರಿಗೆ ಹೋಗಿ ನಿಂತಳು. "ಏನು ಸರಿಹೋಯ್ತು ಸ್ವಾಮಿ? ಆ ಎರಡು ಮರಿ ವಾಪಸು ಬಂದವಾ? ಆ ದಾರದಲ್ಲಿ ನಲವತ್ತು ಗರಿ ಇತ್ತು. ಬಾಯಿಗೆ ಬರೋದು ಮೂವತ್ಮೂರು. ಉಳಿದ ಏಳು ಯಾರದ್ದು, ಯಾವ ನೆಲೆಯದ್ದು, ನನಗೂ ಗೊತ್ತಿಲ್ಲ, ಇಲ್ಲಿರೋ ಯಾರಿಗೂ ಗೊತ್ತಿಲ್ಲ. ಆ ಅಪ್ಪಣೆಗಳನ್ನ ಬರೆದವನು ಪುನುಗಯ್ಯ ಇರಬಹುದು. ಒಂದೊಂದರ ಕೆಳಗೂ ಇದ್ದ ಗೊರಸು ತಮ್ಮದು."

ಚಿಪ್ಪಕ್ಕ ಅವನ ಅಪ್ಪಣೆಗೆ ಕಾಯದೆ ಗವಿಗೆ ನಡೆದಳು. ಮೂರು ದಿನ ಹೊರಗೆ ಬರಲಿಲ್ಲ. ಗೆದ್ದಲು ಮುಗಿಸಿ, ಅದು ಇನ್ನೂ ತಲುಪದಿದ್ದ ಬೇರೆ ಕಟ್ಟುಗಳನ್ನು ಉಳಿಸಿಕೊಂಡು, ನೆನಪಿದ್ದ ಮೂವತ್ತಮೂರನ್ನು ಹೊಸದಾಗಿ ಕೊರೆದಳು. ಆಮೇಲೆ ಏನೂ ಕೊರೆಯದ ಏಳು ಖಾಲಿ ಗರಿಗಳನ್ನೂ ಅದೇ ದಾರಕ್ಕೆ ಪೋಣಿಸಿದಳು.

ವರ್ಷಕ್ಕೊಮ್ಮೆ ಓದುವ ದಿನ ಈಗಲೂ ಕಾಡೆಲ್ಲ ಸೇರುತ್ತದೆ. ಆ ಏಳು ಗರಿಗಳ ಸರದಿ ಬಂದಾಗ ಚಿಪ್ಪಕ್ಕ ಓದುವುದನ್ನು ನಿಲ್ಲಿಸಿ, ಒಂದೊಂದನ್ನೇ ಎತ್ತಿ ತೋರಿಸುತ್ತಾಳೆ. ಏಳೂ ಮುಗಿಯುವ ತನಕ ರಾಜ ಎದ್ದು ನಿಂತಿರಬೇಕು.

ನೀತಿ: ಎಲ್ಲರಿಗೂ ಸೇರಿದ ದಾಖಲೆಯನ್ನು ಕಾಯದೆ ಬಿಡುವುದೂ ಅದನ್ನು ಸುಟ್ಟಷ್ಟೇ ದೊಡ್ಡ ಅಪರಾಧ, ಹಾಗೆ ಪರರ ನೆಲೆ ಅಳಿಸಹೊರಟವನು ತನ್ನ ನೆಲೆಯನ್ನೂ ಕಳೆದುಕೊಳ್ಳುತ್ತಾನೆ.