ನೀರು ಕಾಯುವವನು

ಹೊಳೆಯೊಂದು ಬಳುಕಿ ತಿರುಗುವ ಕಡೆ ಒಂದು ಆಶ್ರಮವಿತ್ತು. ಅಲ್ಲಿದ್ದ ಗುರುಗಳನ್ನು ಎಲ್ಲರೂ ಹೊಳೆ ಸ್ವಾಮಿಗಳು ಅನ್ನುತ್ತಿದ್ದರು. ಅವರ ಮೊದಲಿನ ಹೆಸರು ಅವರಿಗೇ ಮರೆತುಹೋಗಿತ್ತೋ ಏನೋ.

ಅವರ ಬಳಿಗೆ ಉಮಾಪತಿ ಎಂಬ ನಡುವಯಸ್ಸಿನವನು ಬಂದ. ಪೇಟೆಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದವನು. ಹೆಂಡತಿ ಚಂಪಾ ತೀರಿಕೊಂಡ ಮೇಲೆ ಅಂಗಡಿಗೆ ಬೀಗ ಹಾಕಿ, ಬೆಸುಗೆಯ ಸಾಮಾನನ್ನಷ್ಟೇ ಚೀಲಕ್ಕೆ ತುಂಬಿಕೊಂಡು ಹೊರಟುಬಂದಿದ್ದ.

“ಏನು ಬೇಕಪ್ಪಾ?” ಎಂದು ಗುರುಗಳು ಕೇಳಿದರು.

“ಸುಮ್ಮನೆ ಕೂರುವುದನ್ನು ಕಲಿಸಿಕೊಡಿ.”

“ಅದನ್ನು ಕಲಿಸೋದು ನನಗೆ ಬರೋದಿಲ್ಲ. ನೀನು ಕೂತುಕೋ. ನೋಡೋಣ.”

ಉಮಾಪತಿ ಕೂತ. ಕಣ್ಣು ಮುಚ್ಚಿದೊಡನೆ ಕಿವಿ ತೆರೆಯುತ್ತಿತ್ತು. ಅಡುಗೆಮನೆಯಲ್ಲಿ ಒಂದು ಲೋಟ ಉರುಳಿದರೂ ಎದ್ದು ಓಡುತ್ತಿದ್ದ. ಏನೂ ಆಗಿರುತ್ತಿರಲಿಲ್ಲ. ತಲೆ ತಗ್ಗಿಸಿ ಮರಳಿ ಬಂದು ಕೂರುತ್ತಿದ್ದ.

ಪಡಸಾಲೆಯ ಗೋಡೆಗೆ ಒತ್ತಿಕೊಂಡು ಒಂದು ಗಾಜಿನ ತೊಟ್ಟಿಯಿತ್ತು. ಊರು ಬಿಟ್ಟು ಹೋಗುವಾಗ ಭಕ್ತರೊಬ್ಬರು ಮೀನುಗಳ ಸಮೇತ ಅದನ್ನು ಆಶ್ರಮಕ್ಕೆ ಒಪ್ಪಿಸಿ ಹೋಗಿದ್ದರು. ಬೆಳ್ಳಿಯ ಮೈ, ಅದರ ಮೇಲೆ ಕಪ್ಪು ಪಟ್ಟೆ, ಗಾಳಿಪಟದ ಬಾಲಂಗೋಚಿಯಂಥ ಉದ್ದುದ್ದ ರೆಕ್ಕೆ. ಅವು ಈಜುತ್ತಿದ್ದವು ಅನ್ನುವುದಕ್ಕಿಂತ ತೇಲುವ ಯೋಚನೆಯಲ್ಲಿದ್ದವು ಅನ್ನಬೇಕು.

ಚಳಿಗಾಲ ಬಂತು. ಬೆಳಗಿನ ಹೊತ್ತು ಹೊಳೆಯ ಮೇಲಿನ ಮಂಜು ಎದ್ದು ಪಡಸಾಲೆಯ ಒಳಗೂ ಬಂದು ಕೂರುತ್ತಿತ್ತು. ಮೀನುಗಳು ತೊಟ್ಟಿಯ ಮೂಲೆ ಸೇರಿ, ಅಲುಗುವುದನ್ನೇ ಬಿಟ್ಟವು.

“ಗುರುಗಳೇ, ಇವು ಬೆಚ್ಚಗಿನ ನೀರಿನ ಮೀನು. ಹೀಗೇ ಬಿಟ್ಟರೆ ಉಳಿಯೋದಿಲ್ಲ.”

“ನಿನಗೇನು ಮಾಡಬೇಕು ಅನ್ನಿಸುತ್ತೆ?”

“ಒಂದು ಯಂತ್ರ ಮಾಡಲಾ?”

“ಮಾಡು.”

ಉಮಾಪತಿ ಚೀಲ ಬಿಚ್ಚಿದ. ಬಹಳ ದಿನಗಳ ಮೇಲೆ ಅವನ ಬೆರಳುಗಳಿಗೆ ತಮ್ಮ ಕೆಲಸ ಸಿಕ್ಕಿತು. ಪೇಟೆಗೆ ಹೋಗಿ ಒಂದು ಹೀಟರು, ನೀರಿನ ಬಿಸಿ ಅಳೆಯುವ ಒಂದು ಸೆನ್ಸರು, ಅಂಗೈಯಗಲದ ಒಂದು ಬೋರ್ಡು ತಂದ. ಖಾಲಿ ಉಪ್ಪಿನಕಾಯಿ ಡಬ್ಬಿಯೊಳಗೆ ಎಲ್ಲವನ್ನೂ ಜೋಡಿಸಿ, ಮುಚ್ಚಳ ಕೊರೆದು ಅಂಕಿ ತೋರಿಸುವ ಪುಟ್ಟ ಪರದೆ ಕೂರಿಸಿದ. ಸೆನ್ಸರಿನ ವೈರನ್ನು ನೀರಿಗೆ ಇಳಿಬಿಟ್ಟ. ನೀರು ತಣ್ಣಗಾದರೆ ಡಬ್ಬಿಯೊಳಗೆ ‘ಟಿಕ್’ ಎಂದು ಸದ್ದಾಗಿ ಹೀಟರು ಹತ್ತಿಕೊಳ್ಳುತ್ತಿತ್ತು. ಬೇಕಾದಷ್ಟು ಬೆಚ್ಚಗಾದರೆ ಇನ್ನೊಂದು ‘ಟಿಕ್’.

ಮೀನುಗಳು ಮೂಲೆ ಬಿಟ್ಟು ಹೊರಬಂದವು.

ಆಮೇಲೆ ಅವನು ದೀಪಕ್ಕೂ ಒಂದು ಡಬ್ಬಿ ಮಾಡಿದ. ತೊಟ್ಟಿಯ ಬೆಳಕು ಥಟ್ಟನೆ ಹತ್ತಿ ಥಟ್ಟನೆ ಆರಿದರೆ ಮೀನುಗಳು ಬೆಚ್ಚುತ್ತವೆ. ಅದಕ್ಕೆ ಬೆಳಗ್ಗೆ ಮೆಲ್ಲಗೆ ಬೆಳ್ಳಗಾಗುವಂತೆ, ಸಂಜೆ ಹೊನ್ನಾಗಿ, ನೀಲಿಯಾಗಿ, ಆಮೇಲೆ ಕತ್ತಲಾಗುವಂತೆ ಹೊಂದಿಸಿದ. ಹೊಂದಿಸುವಾಗ ಡಬ್ಬಿಯೊಳಗಿನ ಗಡಿಯಾರ ಸ್ವಲ್ಪ ಮುಂದೆ ಹೋಗಿಬಿಟ್ಟಿತ್ತು. ಹೊರಗೆ ಇನ್ನೂ ಬಿಸಿಲಿರುವಾಗಲೇ ಗಾಜಿನೊಳಗೆ ಮುಸ್ಸಂಜೆ ಇಳಿಯತೊಡಗಿತು. ಜಲಸಸ್ಯಗಳ ನೆರಳು ಉದ್ದವಾಯಿತು. ಮೀನುಗಳು ಒಂದೊಂದೇ ನಿದ್ದೆಯ ಕಡೆಗೆ ಓಲಾಡಿದವು.

ಗುರುಗಳು ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದರು.

“ಉಮಾಪತಿ, ನನಗೂ ಇಂಥದೊಂದು ಮಾಡಿಕೊಡು. ಮಧ್ಯಾಹ್ನ ಊಟ ಆದ ಕೂಡಲೇ ಕತ್ತಲಾಗಿಬಿಡಬೇಕು.”

ಆಶ್ರಮಕ್ಕೆ ಬಂದಮೇಲೆ ಉಮಾಪತಿ ನಕ್ಕದ್ದು ಅದೇ ಮೊದಲು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಉಮಾಪತಿಗೆ ಬಿಡಲಾಗಲಿಲ್ಲ. ಕರೆಂಟು ಹೋದರೆ? ಬ್ಯಾಟರಿ ಜೋಡಿಸಿದ. ಪಂಪು ನಿಂತರೆ? ನೀರು ಆವಿಯಾಗಿ ಕೆಳಗಿಳಿದರೆ? ಒಂದೊಂದು ಭಯಕ್ಕೂ ಒಂದೊಂದು ವೈರು. ಕೊನೆಗೆ ಎಲ್ಲಕ್ಕೂ ಸೇರಿ ಒಂದು ಬಜರ್ ಇಟ್ಟ. ಎಲ್ಲಿ ಏನು ಹೆಚ್ಚುಕಡಿಮೆಯಾದರೂ ಅದು ಕಿರುಚಬೇಕು.

ಅದು ಕಿರುಚಿತು. ಪ್ರಾರ್ಥನೆಯ ನಡುವೆ ಕಿರುಚಿತು, ಮೌನದ ನಡುವೆ ಕಿರುಚಿತು. ಪ್ರತಿಸಲವೂ ಉಮಾಪತಿ ಸಾಲುಸಾಲು ಕೂತವರನ್ನು ದಾಟಿಕೊಂಡು ಓಡಿದ. ಹೋಗಿ ನೋಡಿದರೆ ನೀರು ಕೂದಲೆಳೆಯಷ್ಟು ತಣ್ಣಗಾಗಿರುತ್ತಿತ್ತು, ಅಷ್ಟೇ.

ಒಂದು ದಿನ ಗುರುಗಳು ತಮ್ಮ ಚಾಪೆಯನ್ನು ಸುತ್ತಿ ಎತ್ತಿಕೊಂಡು ಬಂದು ತೊಟ್ಟಿಯ ಪಕ್ಕದಲ್ಲಿ ಹಾಸಿದರು. ಇನ್ನೊಂದು ಚಾಪೆಯನ್ನು ಉಮಾಪತಿಗಾಗಿ ಹಾಸಿದರು.

“ಇಲ್ಲೇ ಕೂತುಕೋ. ಓಡೋದು ತಪ್ಪುತ್ತೆ.”

“ತಪ್ಪಾಯಿತು ಗುರುಗಳೇ. ಬಜರ್ ತೆಗೆದುಬಿಡುತ್ತೇನೆ.”

“ಯಾಕೆ ತೆಗೀತೀಯ? ನೀರು ಕಾಯಿಸೋದಕ್ಕೆ ಡಬ್ಬಿ ಇದೆ. ನೀರು ಕಾಯೋದಕ್ಕೆ ನೀನಿದ್ದೀಯ. ನನಗೊಂದು ಕೆಲಸ ಬೇಕಲ್ಲ, ನಿನ್ನನ್ನು ಕಾಯುತ್ತೇನೆ.”

ಹಾಗೆ ಅವರಿಬ್ಬರೂ ಗಾಜಿನ ಪಕ್ಕ ಕೂರತೊಡಗಿದರು. ಪಂಪಿನ ಗುಳುಗುಳು ಸದ್ದು, ನೀರಿನಿಂದ ಗೋಡೆಗೆ ಬಿದ್ದು ನಡುಗುವ ಬೆಳಕು. ಗುರುಗಳ ಉಸಿರು ದೂರದ ದೋಣಿಯಂತೆ ಹೋಗಿ ಬರುತ್ತಿತ್ತು. ಉಮಾಪತಿಯ ಕಣ್ಣು ಮಾತ್ರ ಪರದೆಯ ಕೆಂಪು ಅಂಕಿಗಳ ಮೇಲೇ ಇರುತ್ತಿತ್ತು.

ಚಳಿ ಇಳಿಯುತ್ತ ಬಂದ ಒಂದು ಬೆಳಿಗ್ಗೆ, ಎಲ್ಲಕ್ಕಿಂತ ದೊಡ್ಡ ಮೀನು ಮಗ್ಗುಲಾಗಿ ತೇಲುತ್ತಿತ್ತು.

ಬಜರ್ ಕೂಗಿರಲಿಲ್ಲ.

ಉಮಾಪತಿ ಮೀನನ್ನು ಎತ್ತಿ ಬಾಳೆಲೆಯ ತುಂಡಿನ ಮೇಲೆ ಮಲಗಿಸಿದ. ಆಮೇಲೆ ಡಬ್ಬಿ ಬಿಚ್ಚಿದ. ಒಂದೊಂದು ವೈರನ್ನೂ ಎಳೆದು ನೋಡಿದ. ಬೆಸುಗೆಯನ್ನೆಲ್ಲ ಕೆದಕಿ ಹೊಸದಾಗಿ ಹಾಕಿದ. ಹೀಟರನ್ನು ಬಕೆಟ್ಟಿನಲ್ಲಿಟ್ಟು ಪರೀಕ್ಷಿಸಿದ. ಊಟಕ್ಕೆ ಕರೆದರೆ ಏಳಲಿಲ್ಲ.

ಇಳಿಹೊತ್ತಿಗೆ ಗುರುಗಳು ಬಂದು ನಿಂತರು.

“ಏನು ಸಿಕ್ಕಿತು?”

“ಏನೂ ಸಿಗಲಿಲ್ಲ.” ಉಮಾಪತಿ ಡಬ್ಬಿಯ ಮುಚ್ಚಳ ಹಾಕಿದ. “ಬಿಸಿ ಸರಿಯಾಗಿತ್ತು. ಪಂಪು ಸರಿಯಾಗಿತ್ತು. ನೀರು ಶುದ್ಧವಾಗಿತ್ತು. ಉಳಿದ ಮೀನೆಲ್ಲ ಚೆನ್ನಾಗಿವೆ. ಎಲ್ಲಾ ಸರಿಯಾಗಿತ್ತು ಗುರುಗಳೇ.”

“ಸಂತೋಷ ಅಲ್ಲವಾ?”

“ಒಂದು ತಪ್ಪು ಸಿಕ್ಕಿದ್ದರೆ ಸಾಕಾಗಿತ್ತು. ಸಣ್ಣದೊಂದು ತಪ್ಪು.”

ಗುರುಗಳು ಬಾಳೆಲೆಯನ್ನು ಎತ್ತಿಕೊಂಡರು. “ಡಬ್ಬಿ ತಗೊಂಡು ಬಾ,” ಎಂದು ಹೊಳೆಯ ಕಡೆಗೆ ನಡೆದರು.

ದಂಡೆಯ ಮರದ ಬುಡದಲ್ಲಿ ಇಬ್ಬರೂ ಸೇರಿ ಮೀನನ್ನು ಮಣ್ಣು ಮಾಡಿದರು. ಆಮೇಲೆ ಗುರುಗಳು ಪಂಚೆ ಎತ್ತಿ ಕಟ್ಟಿ, ದಂಡೆಯ ಕಲ್ಲಿನ ಮೆಟ್ಟಿಲುಗಳಿಂದ ಮೊಣಕಾಲುದ್ದದ ನೀರಿಗೆ ಇಳಿದರು. ಸೆನ್ಸರಿನ ತುದಿಯನ್ನು ಹಿಡಿದು ಹೊಳೆಗೆ ಅದ್ದಿದರು. ಉಮಾಪತಿ ಮೇಲಿನ ಮೆಟ್ಟಿಲ ಮೇಲೆ ಡಬ್ಬಿ ಹಿಡಿದು ನಿಂತ. ಬಜರ್ ಒಂದೇ ಸಮನೆ ಕಿರುಚತೊಡಗಿತು. ಅವನು ನಾಚಿಕೊಂಡು ಅದರ ವೈರನ್ನು ಕಿತ್ತ.

ಸದ್ದಡಗಿತು. ಹೊಳೆಯ ಸದ್ದು ಕೇಳಿತು.

“ಎಷ್ಟಿದೆ?”

“ಇಪ್ಪತ್ತೊಂದು ಡಿಗ್ರಿ.”

ಹೊಳೆಯ ಮೇಲೆ ಬಿಸಿಲು ಹೊರಳಿತು. ನೀರೆಲ್ಲ ಚಿಟ್ಟೆಯ ರೆಕ್ಕೆಯಾಯಿತು.

“ಈಗ?”

“ಇಪ್ಪತ್ತೆರಡು ಆಯಿತು.”

“ಯಾಕೆ?”

“ಬಿಸಿಲು ಬಂತಲ್ಲ.”

ಮೋಡವೊಂದರ ನೆರಳು ಆಚೆ ದಡದಿಂದ ನಡೆದುಕೊಂಡು ಬಂದು ಅವರನ್ನು ದಾಟಿ ಹೋಯಿತು.

“ಈಗ?”

“ಇಳಿಯಿತು. ನೆರಳು ಬಂತು.”

ನೆರಳು ಹೋಯಿತು. ಮತ್ತೆ ಬಿಸಿಲಾಯಿತು.

“ಈಗ?”

“ಇನ್ನೂ ಇಳಿಯುತ್ತಿದೆ.”

“ಬಿಸಿಲು ಬಂದಿದೆಯಲ್ಲ, ಯಾಕೆ ಇಳಿಯುತ್ತೆ?”

ಉಮಾಪತಿ ಹೊಳೆ ಹರಿದು ಬರುವ ಕಡೆ ನೋಡಿದ, ಹರಿದು ಹೋಗುವ ಕಡೆ ನೋಡಿದ. ಎಲ್ಲಿಂದಲೋ ಬಂದ ತಣ್ಣನೆಯ ಸೆಳವೊಂದು ಗುರುಗಳ ಕಾಲ ಬಳಿ ಹಾದು ಎಲ್ಲಿಗೋ ಹೋಗುತ್ತಿತ್ತು.

“ಗೊತ್ತಿಲ್ಲ,” ಎಂದ.

ಆ ಮಾತು ಬಾಯಿಂದ ಬಿದ್ದದ್ದೇ ತಡ, ಅವನು ಡಬ್ಬಿಯನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ.

“ಡಾಕ್ಟರೂ ಅದನ್ನೇ ಹೇಳಿದರು. ಗೊತ್ತಿಲ್ಲ ಅಂದರು. ಆರೋಗ್ಯವಾಗಿದ್ದಳು, ಎದೆಬಡಿತ ಹಾಗೆ ಯಾಕೆ ನಿಂತಿತೋ ಗೊತ್ತಿಲ್ಲ ಅಂದರು. ನಾನು ಅವರ ಮೇಲೆ ಕೂಗಾಡಿದೆ.”

ಗುರುಗಳು ನೀರಿನಲ್ಲೇ ನಿಂತಿದ್ದರು.

“ಚಂಪಾ ಹಿತ್ತಲ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ನಾನು ಈಚೆ ಕೋಣೆಯಲ್ಲಿ ಯಾರದ್ದೋ ಟಿ.ವಿ. ರಿಪೇರಿ ಮಾಡುತ್ತಿದ್ದೆ. ಬೆಸುಗೆಯ ಹೊಗೆ ಅವಳಿಗೆ ಆಗುತ್ತಿರಲಿಲ್ಲ, ಅದಕ್ಕೆ ನಡುವಿನ ಬಾಗಿಲು ಹಾಕಿಕೊಂಡಿದ್ದೆ. ಕೆಲಸ ಮುಗಿಸಿ, ಟೀ ಇಡುತ್ತೀಯಾ ಅಂತ ಕೇಳಲು ಬಾಗಿಲು ತೆಗೆದೆ. ಮಡಚಿದ ಬಟ್ಟೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ನನ್ನದೇ ಅಂಗಿ ಅದು. ನಿದ್ದೆ ಬಂದಿದೆ ಅಂದುಕೊಂಡು ನಾನೇ ಟೀ ಮಾಡಿಕೊಂಡು ಕುಡಿದೆ ಗುರುಗಳೇ.”

ಹೊಳೆ ಹರಿಯುತ್ತಿತ್ತು. ಉಮಾಪತಿ ಅತ್ತ. ಚಂಪಾ ತೀರಿಕೊಂಡಾಗಲೂ ಅಷ್ಟು ಅತ್ತಿರಲಿಲ್ಲ. ಅಳು ತಾನಾಗಿ ನಿಂತಿತು.

ಆಚೆ ದಡದ ಜೊಂಡು ಹೊಂಬಣ್ಣಕ್ಕೆ ತಿರುಗಿತ್ತು. ಕೊಕ್ಕರೆಯೊಂದು ಎದ್ದು ತನ್ನ ನೆರಳನ್ನು ನೀರಿನ ಮೇಲೆ ಎಳೆದುಕೊಂಡು ಹೋಯಿತು.

“ಬಾಗಿಲು ತೆರೆದಿಟ್ಟಿದ್ದರೆ?” ಎಂದು ಉಮಾಪತಿ ಕೇಳಿದ. “ಒಂದು ಬಾಗಿಲು ತೆರೆದಿಟ್ಟಿದ್ದರೆ?”

“ಆಕೆ ಹೋದದ್ದು ನಿನಗೆ ಕಾಣುತ್ತಿತ್ತು.”

“ಉಳಿಯುತ್ತಿದ್ದಳಾ?”

ಗುರುಗಳು ಸೆನ್ಸರಿನ ವೈರನ್ನು ನೀರಿನಿಂದ ಎತ್ತಿದರು. ಪಂಚೆಯ ಚುಂಗಿನಿಂದ ಅದನ್ನು ಒರೆಸಿ, ಮೆಲ್ಲಗೆ ಸುತ್ತಿ, ಉಮಾಪತಿಯ ಪಕ್ಕದ ಒಣ ಕಲ್ಲಿನ ಮೇಲೆ ಇಟ್ಟರು. ಆಮೇಲೆ ಒದ್ದೆಯಾದ ತಮ್ಮ ಕೈಯನ್ನು ಅವನ ಕಡೆಗೆ ಚಾಚಿದರು.

“ನನಗೂ ಗೊತ್ತಿಲ್ಲ. ನೀರು ತಣ್ಣಗಿದೆ ಉಮಾಪತಿ. ಒಂದು ಮೆಟ್ಟಿಲು ಕೆಳಗೆ ಬಾ.”